ಚೀನೀ ವಲಸಿಗರ ನಗರಗಳ ಅಧ್ಯಯನದಿಂದ ಮುಂಬಯಿಯ ತುಳುವರನ್ನು ಓದಬಹುದೇ?

ಪ್ರಶ್ನೆ: ಕೊಣಾಜೆಯ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನಗರ ಮತ್ತು ವಲಸೆ ನನ್ನ ವಿಷಯ. ಕಳೆದ ಮಳೆಗಾಲದಿಂದೀಚೆಗೆ ಓದಿದ್ದರಲ್ಲಿ ಹೆಚ್ಚಿನದು ಚೀನೀ ವಲಸಿಗರು ನೆಲೆಸಿದ ನಗರಗಳಿಗೆ ಸಂಬಂಧಿಸಿದ್ದು. ಸಿಂಗಾಪುರ, ಪಿನಾಂಗ್, ಸ್ಯಾನ್ ಫ್ರಾನ್ಸಿಸ್ಕೊ, ವ್ಯಾಂಕೂವರ್, ಮತ್ತೆ ನಮ್ಮದೇ ಕೋಲ್ಕತ್ತ.

ಓದುತ್ತಾ ಹೋದಂತೆ ನನ್ನ ಕಣ್ಣೆದುರು ಬರುತ್ತಿದ್ದದ್ದು ಅಜ್ಜನ ಮುಂಬಯಿ. ದಕ್ಷಿಣ ಚೀನದ ಒಂದೇ ಸೀಮೆಯಿಂದ ಬಂದು ಒಂದೇ ನುಡಿಯಾಡುತ್ತಿದ್ದ ಜನ ಪರವೂರಿನಲ್ಲಿ ಹುಯಿಗ್ವಾನ್ ಎಂಬ ಸಂಘದ ಮನೆಯನ್ನು ಕಟ್ಟಿಕೊಳ್ಳುತ್ತಿದ್ದರು. ಹಡಗಿನಿಂದ ಇಳಿದವನಿಗೆ ಮೊದಲ ರಾತ್ರಿಯ ಚಾಪೆ, ಮರುದಿನ ಕೆಲಸದ ಪರಿಚಯ, ಕಾಯಿಲೆ ಬಿದ್ದರೆ ಔಷಧಿ, ಸತ್ತರೆ ಆರಡಿ ಮಣ್ಣು ಎಲ್ಲವನ್ನೂ ಆ ಮನೆ ಒದಗಿಸುತ್ತಿತ್ತು. ಅಜ್ಜ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ: ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿದ್ದು, ಊರಿನವರ ರೂಮಿನಲ್ಲಿ ಹನ್ನೊಂದನೆಯವರಾಗಿ ಮಲಗಿದ್ದು, ಹಗಲು ಹೋಟೆಲಿನಲ್ಲಿ ಮೇಜು ಒರೆಸಿ ರಾತ್ರಿ ಕನ್ನಡ ಶಾಲೆಗೆ ಹೋದದ್ದು. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿಯೂ ಬಂಟರ ಸಂಘ 1927ರಲ್ಲಿಯೂ ಹುಟ್ಟಿದ್ದನ್ನು ನೆನೆದರೆ ಇವೂ ಒಂದು ಬಗೆಯ ಹುಯಿಗ್ವಾನ್‌ಗಳೇ ಅಲ್ಲವೇ ಎಂದು ನನಗೆ ಅನ್ನಿಸಿತು.

ಹಾಗಾಗಿ ಹನ್ನೆರಡು ಪುಟಗಳ ಕರಡಿನಲ್ಲಿ ಒಂದು ಕೋಷ್ಟಕ ಹಾಕಿದೆ. ಒಂದು ಕಡೆ ಹುಯಿಗ್ವಾನ್, ಎದುರಿಗೆ ಜಾತಿ ಸಂಘ. ಒಂದು ಕಡೆ ಮನೆಗೆ ಹಣ ಮತ್ತು ಕಾಗದ ಎರಡನ್ನೂ ಒಟ್ಟಿಗೆ ಒಯ್ಯುತ್ತಿದ್ದ ಚಿಯಾವ್‌ಪಿ, ಎದುರಿಗೆ ಮನಿಯಾರ್ಡರು. ಒಂದು ಕಡೆ ಗ್ವಾನ್ ಗೋಂಗ್ ದೇವರ ಗುಡಿ, ಎದುರಿಗೆ ಊರಿನ ದೈವಸ್ಥಾನ. ನನ್ನ ಮಾರ್ಗದರ್ಶಕರು ಪೆನ್ಸಿಲಿನಿಂದ ಕೋಷ್ಟಕಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದದ್ದು ಇಷ್ಟೇ: "ಹೋಲಿಕೆ ಚಂದ ಉಂಟು, ಪ್ರಶ್ನೆ ಎಲ್ಲಿ?"

ಎರಡು ವಿಷಯ ಕೇಳಬೇಕಾಗಿದೆ. ಸಮುದ್ರ ದಾಟಿ ಇನ್ನೊಬ್ಬರ ಸಾಮ್ರಾಜ್ಯಕ್ಕೆ ಹೋದವರನ್ನೂ ತನ್ನದೇ ದೇಶದ ಇನ್ನೊಂದು ಊರಿಗೆ ಹೋದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಸರಿಯಾದರೆ ಎಲ್ಲಿಂದ ತೊಡಗಬೇಕು? ಇನ್ನೊಂದು, ಡಯಾಸ್ಪೊರಾ, ಎಂದರೆ ಮೂಲ ನಾಡು ಬಿಟ್ಟು ಬೇರೆ ಬೇರೆ ಕಡೆ ಚದುರಿ ನೆಲೆಸಿದ ಜನ, ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯಲಿ? ವಲಸಿಗರು ಎಂದರೆ ನಿನ್ನೆ ಬಂದವರಂತೆ ಕೇಳುತ್ತದೆ, ಅನಿವಾಸಿಗಳು ಎಂದರೆ ಬ್ಯಾಂಕ್ ಖಾತೆಯ ನೆನಪಾಗುತ್ತದೆ.

ಉತ್ತರ: ನಿವೃತ್ತ ಭೂಗೋಳ ಅಧ್ಯಾಪಕ, ಉಡುಪಿ

ನಿಮ್ಮ ಮಾರ್ಗದರ್ಶಕರು ಗೆರೆ ಎಳೆದದ್ದು ಹೋಲಿಕೆಗಲ್ಲ, ಕೋಷ್ಟಕಕ್ಕೆ ಎಂದು ನನಗೆ ತೋರುತ್ತದೆ. ಕೋಷ್ಟಕದ ತೊಂದರೆಯೆಂದರೆ, ಅದರ ಎರಡೂ ಬದಿಯಲ್ಲಿರುವ ವಸ್ತುಗಳು ವಲಸಿಗನು ಊರಿನಿಂದ ಟ್ರಂಕಿನಲ್ಲಿ ತುಂಬಿಸಿ ತಂದು ಪರವೂರಿನಲ್ಲಿ ಬಿಚ್ಚಿಟ್ಟವುಗಳಂತೆ ಕಾಣುತ್ತವೆ. ಚೀನೀಯರ ಕೇರಿಯ ಬಗ್ಗೆ ಬಹುಕಾಲ ಹೀಗೆಯೇ ಬರೆಯುತ್ತಿದ್ದರು: ಅವರು ಒಟ್ಟಾಗಿ ಇರಲು ಬಯಸುವ ಜನ, ಆದ್ದರಿಂದ ಕೇರಿ ಹುಟ್ಟಿತು ಎಂದು. ಆ ವಾದವನ್ನು ಬುಡಮೇಲು ಮಾಡಿದವರಲ್ಲಿ ಭೂಗೋಳಶಾಸ್ತ್ರಜ್ಞೆ ಕೇ ಆ್ಯಂಡರ್ಸನ್ ಮುಖ್ಯರು. ವ್ಯಾಂಕೂವರ್ ಕುರಿತ ಅವರ ಅಧ್ಯಯನ 1991ರಲ್ಲಿ ಪ್ರಕಟವಾಯಿತು. 'ಚೈನಾಟೌನ್' ಎಂಬುದು ಚೀನೀಯರು ಕಟ್ಟಿದ್ದಕ್ಕಿಂತ ಹೆಚ್ಚಾಗಿ ಆ ನಗರದ ಬಿಳಿಯರು, ಅವರ ಪೌರಸಭೆ, ಆರೋಗ್ಯಾಧಿಕಾರಿಗಳು ಮತ್ತು ಪತ್ರಿಕೆಗಳು ಸೇರಿ ಒಂದು ಜಾಗಕ್ಕೆ ಅಂಟಿಸಿದ ಕಲ್ಪನೆ ಎಂಬುದು ಅವರ ವಾದ. ಮೊದಲು ಅದು ರೋಗದ, ಅಫೀಮಿನ ಕೇರಿ. ಕಾಲ ಬದಲಾದಂತೆ ಅದೇ ಕೇರಿ ಪ್ರವಾಸಿಗರು ನೋಡಲೇಬೇಕಾದ ಜಾಗವಾಯಿತು. ಹೆಸರಿಟ್ಟವರು ಎರಡು ಸಲವೂ ಹೊರಗಿನವರೇ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದು ಇನ್ನೂ ಸ್ಪಷ್ಟ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಚೀನೀಯರ ಕೇರಿ ಸುಟ್ಟುಹೋದಾಗ, ನಗರದ ನಡುವಿನ ಆ ಬೆಲೆಬಾಳುವ ನೆಲದಿಂದ ಅವರನ್ನು ಎಬ್ಬಿಸಿ ಊರಾಚೆಯ ಹಂಟರ್ಸ್ ಪಾಯಿಂಟಿಗೆ ಕಳುಹಿಸುವ ಯೋಜನೆ ಸಿದ್ಧವಾಗಿತ್ತು. ಚೀನೀ ವ್ಯಾಪಾರಿಗಳು ಮಾಡಿದ್ದೇನು? ಬಿಳಿಯ ವಾಸ್ತುಶಿಲ್ಪಿಗಳನ್ನು ಗೊತ್ತುಮಾಡಿ, ಬಿಳಿಯರು ಚೀನವನ್ನು ಹೇಗೆ ಊಹಿಸಿಕೊಂಡಿದ್ದರೋ ಹಾಗೆಯೇ ತುದಿ ಬಾಗಿದ ಮಾಡುಗಳ, ಪಗೋಡಗಳ ಕಟ್ಟಡಗಳನ್ನು ಎಬ್ಬಿಸಿ, ಪ್ರವಾಸಿಗರು ಬರುವ ಕೇರಿಯನ್ನು ಎಬ್ಬಿಸಲಾಗದಂತೆ ಮಾಡಿಬಿಟ್ಟರು. ಇಂದು ನಾವು ಚಿತ್ರಗಳಲ್ಲಿ ಕಾಣುವ 'ಅಪ್ಪಟ ಚೀನೀ' ಬೀದಿ ಚೀನದಿಂದ ಬಂದದ್ದಲ್ಲ. ಜಾಗ ಉಳಿಸಿಕೊಳ್ಳುವ ಜಗಳದಿಂದ ಬಂದದ್ದು.

ಆ ಬೀದಿಗಳಲ್ಲಿ ಗಂಡಸರೇ ತುಂಬಿದ್ದಕ್ಕೂ ಕಾರಣವನ್ನು ಸಂಸ್ಕೃತಿಯಲ್ಲಿ ಮಾತ್ರ ಹುಡುಕಬಾರದು. ಅಮೆರಿಕವು 1882ರ ಕಾನೂನಿನಿಂದ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿದ್ದು ತೆರೆದದ್ದು 1943ರಲ್ಲಿ. ಕೆನಡ 1885ರಲ್ಲಿ ಚೀನೀಯರಿಗೆ ಮಾತ್ರ ತಲಾ 50 ಡಾಲರ್ ತೆರಿಗೆ ಹಾಕಿ, 1903ರ ಹೊತ್ತಿಗೆ ಅದನ್ನು 500ಕ್ಕೆ ಏರಿಸಿ, 1923ರಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯಿತು. ಹೆಂಡತಿಯನ್ನು ಕರೆತರಲು ಅಷ್ಟು ಹಣ ಯಾವ ಬಟ್ಟೆ ಒಗೆಯುವವನ ಕೈಯಲ್ಲಿತ್ತು?

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಸಿಂಗಾಪುರ ಎಂದು ನನ್ನ ಅಭಿಪ್ರಾಯ. 1822ರಲ್ಲಿ ಬ್ರಿಟಿಷ್ ಆಡಳಿತಗಾರ ರಾಫಲ್ಸ್ ನಗರದ ನಕ್ಷೆ ಮಾಡಿಸುವಾಗ ಚೀನೀಯರಿಗೆ, ತಮಿಳರಿಗೆ, ಮಲಯರಿಗೆ, ಅರಬರಿಗೆ, ಯುರೋಪಿಯನ್ನರಿಗೆ ಬೇರೆ ಬೇರೆ ಭಾಗಗಳನ್ನು ಗೊತ್ತುಪಡಿಸಿದ. ಪ್ರತಿಯೊಂದು ಮನೆಯ ಎದುರೂ ಒಂದಕ್ಕೊಂದು ಸೇರಿಕೊಂಡ ಮಾಡಿನ ಮೊಗಸಾಲೆ ಇರಬೇಕೆಂದೂ ವಿಧಿಸಿದ. ಅದನ್ನೇ ಮುಂದೆ ಐದಡಿ ದಾರಿ ಎಂದು ಕರೆದರು. ಆಡಳಿತದ ಕಣ್ಣಿಗೆ ಅದು ಮಳೆ ಬಿಸಿಲಿನಲ್ಲಿ ಜನ ನಡೆದಾಡುವ ಸಾರ್ವಜನಿಕ ದಾರಿ. ಚೀನೀ ಅಂಗಡಿಯವನ ಕಣ್ಣಿಗೆ ಅದು ತನ್ನ ಜಗಲಿ. ಅಲ್ಲಿ ಮೂಟೆ ಇಡಬೇಕು, ಚಮ್ಮಾರನಿಗೋ ಕಾಗದ ಬರೆದುಕೊಡುವವನಿಗೋ ಒಂದು ಮೂಲೆ ಬಿಟ್ಟುಕೊಡಬೇಕು. 1888ರಲ್ಲಿ ಪೌರಸಭೆ ಈ ಜಗಲಿಗಳನ್ನು ತೆರವು ಮಾಡಿಸಲು ಹೊರಟಾಗ ಅಂಗಡಿಗಳು ಬಾಗಿಲು ಹಾಕಿದವು, ಕಲ್ಲು ತೂರಾಟವೂ ಆಯಿತು. ಐದಡಿ ದಾರಿ ಪೂರ್ತಿ ತೆರವಾಗಲೇ ಇಲ್ಲ. ಬ್ರೆಂಡಾ ಯೋ ಎಂಬ ವಿದ್ವಾಂಸೆ ಇಂಥ ಜಗಳಗಳನ್ನೇ ಹಿಡಿದು, ವಲಸಿಗರ ದಿನನಿತ್ಯದ ಬದುಕು ವಸಾಹತು ನಗರದ ನಕ್ಷೆಯನ್ನು ಹೇಗೆ ತಿದ್ದಿತು ಎಂದು ತೋರಿಸಿದ್ದಾರೆ. ನಮ್ಮ ರಥಬೀದಿಯ ಹಳೆಯ ಅಂಗಡಿಗಳ ಜಗಲಿ ರಸ್ತೆ ಅಗಲೀಕರಣದಲ್ಲಿ ಹೋದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮುಂಬಯಿಯ ತುಳುವರ ವಿಷಯದಲ್ಲೂ ಸಂಘದಿಂದ ತೊಡಗಬೇಡಿ, ರೂಮಿನಿಂದ ತೊಡಗಿ. ಆ ರೂಮು ಯಾರದು, ಬಾಡಿಗೆ ಎಷ್ಟು, 1947ರ ಬಾಡಿಗೆ ನಿಯಂತ್ರಣ ಕಾನೂನು ಬಂದ ಮೇಲೆ ಅದು ಊರಿನವರ ಕೈಯಿಂದ ಊರಿನವರ ಕೈಗೇ ಏಕೆ ಹೋಗುತ್ತಿತ್ತು ಎಂದು ಕೇಳಿದರೆ, ನಾವು 'ಊರಿನ ಒಗ್ಗಟ್ಟು' ಎಂದು ಹೊಗಳುವುದರಲ್ಲಿ ಪಗಡಿಯ, ಎಂದರೆ ಬಾಡಿಗೆ ರೂಮು ಕೈ ಬದಲಾಗುವಾಗ ಕೊಡುವ ಇಡಿಗಂಟಿನ, ಪಾಲು ಎಷ್ಟು ಎಂಬುದು ತಿಳಿದೀತು.

ಉತ್ತರ: ಬಂದರಿನ ಓದುಗ

ಅಧ್ಯಾಪಕರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎಲ್ಲವನ್ನೂ ನಗರದ ತಲೆಗೆ ಕಟ್ಟುವುದೂ ಸರಿಯಲ್ಲ. ಯಾರು ಮೊದಲು ಬಂದರು, ಯಾರು ತಡವಾಗಿ ಬಂದರು ಎಂಬುದಕ್ಕೂ ತೂಕವುಂಟು. ಸಿಂಗಾಪುರದಲ್ಲಿ ಹೊಕ್ಕಿಯೆನ್ ಮತ್ತು ತಿಯೋಚ್ಯೂ ನುಡಿಯಾಡುವ ಚೀನೀ ಜನ ಮೊದಲೇ ಬಂದು ದೊಡ್ಡ ವ್ಯಾಪಾರಗಳನ್ನು ಹಿಡಿದಿದ್ದರು. ಹೈನಾನ್ ದ್ವೀಪದವರು ಬರುವ ಹೊತ್ತಿಗೆ ಉಳಿದದ್ದು ಬ್ರಿಟಿಷರ ಮನೆಯ, ಹಡಗಿನ, ಹೋಟೆಲಿನ ಅಡುಗೆ ಕೆಲಸ. ಅಲ್ಲಿ ಕಲಿತ ಕೈಯಿಂದ ಅವರು ಮುಂದೆ ಕಾಫಿ ಅಂಗಡಿಗಳನ್ನು ಇಟ್ಟರು. ಸಿಂಗಾಪುರ, ಮಲೇಷ್ಯಗಳ ಕೋಪಿತಿಯಾಮ್ ಎಂದರೆ ಇಂದಿಗೂ ಹೈನಾನಿನವರ ಹೆಸರು ನೆನಪಾಗುತ್ತದೆ. ಸೈಕಲ್ ವ್ಯಾಪಾರ ಹೆಂಗ್‌ಹ್ವಾ ಎಂಬ ಇನ್ನೊಂದು ಚೀನೀ ಗುಂಪಿನ ಪಾಲಿಗೆ ಬಂದದ್ದೂ ಹೀಗೆ. ಯಾವ ಕಸುಬೂ ರಕ್ತದಲ್ಲಿ ಬರಲಿಲ್ಲ, ಖಾಲಿ ಉಳಿದ ಜಾಗದಿಂದ ಬಂತು.

ಇದನ್ನು ಓದಿದಾಗ ಉಡುಪಿ ಹೋಟೆಲು ಎಲ್ಲರಿಗೂ ನೆನಪಾಗುತ್ತದೆ. ಜಾರಿ ಬೀಳುವುದೂ ಅಲ್ಲಿಯೇ. ಶಿವಳ್ಳಿ ಬ್ರಾಹ್ಮಣರ ಅಡುಗೆಗೆ ಮಠದ ಪಾಕಶಾಲೆಯ ಮಡಿಯ ಬೆಂಬಲವಿತ್ತು, ಯಾವ ಜಾತಿಯವನೂ ಅವರ ಕೈಯ ಊಟವನ್ನು ಬೇಡವೆನ್ನುತ್ತಿರಲಿಲ್ಲ. ಹೈನಾನಿನ ಅಡುಗೆಯವನಿಗೆ ಅಂಥ ಬಂಡವಾಳ ಏನೂ ಇರಲಿಲ್ಲ. ಮುಂದೆ ಬಂಟರು ಅದೇ ಉಡುಪಿ ಹೋಟೆಲಿನ ಹೆಸರಿನಲ್ಲಿ ವ್ಯಾಪಾರಕ್ಕೆ ಇಳಿದು ಗೆದ್ದಾಗ ಮಡಿ ಹಿಂದೆ ಸರಿದು ಹೆಸರು ಮಾತ್ರ ಉಳಿಯಿತು. ಹೈನಾನಿನ ಕಥೆಗೆ ಹತ್ತಿರವಾದದ್ದು ನನ್ನ ಪ್ರಕಾರ ಈ ಎರಡನೆಯ ಘಟ್ಟವೇ ಹೊರತು ಮೊದಲನೆಯದಲ್ಲ.

ಉತ್ತರ: ಮುಂಬಯಿಯಿಂದ ಕಾಪುವಿಗೆ ಮರಳಿದವ

ನಾನು ಸಂಶೋಧಕನಲ್ಲ. ಮೂವತ್ತನಾಲ್ಕು ವರ್ಷ ಮುಂಬಯಿಯಲ್ಲಿ ದುಡಿದು ಈಗ ಊರಿನ ಮನೆಯಲ್ಲಿ ತೆಂಗಿನ ಮರಗಳನ್ನು ಎಣಿಸಿಕೊಂಡು ಕುಳಿತಿರುವವನು. ಆದರೆ ಈ ಪ್ರಶ್ನೆಯಲ್ಲಿ ಮನಿಯಾರ್ಡರಿನ ಮಾತು ಬಂದಿರುವುದರಿಂದ ಬರೆಯದೆ ಇರಲು ಮನಸ್ಸಾಗಲಿಲ್ಲ.

ಮೊದಲು ಒಂದು ಗುರುತು. ಮುಂಬಯಿಯ ಮಜಗಾಂವ್‌ನಲ್ಲಿ, ಡಾಕ್‌ಯಾರ್ಡ್ ರೋಡ್ ಸ್ಟೇಷನಿನ ಸಮೀಪ, ಚೀನೀಯರ ಒಂದು ಪುಟ್ಟ ಗುಡಿ ಈಗಲೂ ಇದೆ. 1919ರದ್ದು, ಹೆಸರು ಸೀ ಯಪ್ ಕೂನ್. ಸೀ ಯಪ್ ಎಂದರೆ ನಾಲ್ಕು ತಾಲೂಕು ಎಂದರ್ಥವಂತೆ. ಕ್ಯಾಂಟನ್ ಸೀಮೆಯ ತಾಯ್‌ಶಾನ್ ಮೊದಲಾದ ನಾಲ್ಕು ತಾಲೂಕುಗಳ ಜನ ತಮ್ಮ ಊರಿನ ಹೆಸರನ್ನೇ ಗುಡಿಗೆ ಇಟ್ಟುಕೊಂಡರು. ಗೋದಿಯಲ್ಲಿ, ಎಂದರೆ ಹಡಗುಕಟ್ಟೆಯಲ್ಲಿ, ಹಡಗುಗಳಲ್ಲಿ ಕೆಲಸಕ್ಕಿದ್ದ ನಮ್ಮವರೂ ಚೀನೀಯರೂ ಒಂದೇ ಬೀದಿಗಳಲ್ಲಿ ಓಡಾಡಿದವರು. ಕೋಷ್ಟಕದ ಎರಡು ಬದಿಗಳು ಒಂದೇ ಊರಿನಲ್ಲಿ ಎದುರಾಗುವ ಜಾಗ ಇದು. ನೀವು ಅಲ್ಲಿಗೆ ಒಮ್ಮೆ ಹೋಗಿ ಬರಬೇಕು.

ಇನ್ನು ಮನಿಯಾರ್ಡರು. ಫಾರಮಿನ ಕೆಳತುದಿಯಲ್ಲಿ ಎರಡು ಮೂರು ಸಾಲು ಬರೆಯುವಷ್ಟು ಜಾಗವಿರುತ್ತಿತ್ತು. ಅಂಚೆಯವನು ಹಣ ಕೊಟ್ಟು ಆ ತುಂಡನ್ನು ಹರಿದು ಮನೆಯವರಿಗೆ ಕೊಡುತ್ತಿದ್ದ. ಸಹಿಯೋ ಹೆಬ್ಬೆಟ್ಟೋ ಬಿದ್ದ ಇನ್ನೊಂದು ತುಂಡು ಮುಂಬಯಿಗೆ ನಮ್ಮ ಕೈಗೆ ಮರಳುತ್ತಿತ್ತು. ಚೀನೀಯರ ಚಿಯಾವ್‌ಪಿಯಲ್ಲೂ ಹಣದ ಮೊತ್ತವನ್ನು ಲಕೋಟೆಯ ಮೇಲೆಯೇ ಬರೆದು, ಹಣ ಸೇರಿದ್ದಕ್ಕೆ ಸಾಕ್ಷಿಯಾಗಿ ಮನೆಯವರ ಕೈಯಿಂದ ಮರುಕಾಗದ ಬರೆಸಿ ತರುತ್ತಿದ್ದರೆಂದು ಓದಿದಾಗ ನನ್ನ ಕಣ್ಣ ಮುಂದೆ ಅಮ್ಮನ ಹೆಬ್ಬೆಟ್ಟಿನ ನೀಲಿ ಗುರುತು ಬಂದು ನಿಂತಿತು. ಆ ಕಾಗದಗಳನ್ನು 2013ರಲ್ಲಿ ಯುನೆಸ್ಕೊ ಜಗತ್ತಿನ ಸ್ಮೃತಿಗಳ ಪಟ್ಟಿಗೆ ಸೇರಿಸಿತು. ನಮ್ಮವು ಒಲೆಗೆ ಹೋದವು.

ಆದರೆ ನಿಮ್ಮ ಕೋಷ್ಟಕ ಒಂದು ಕಡೆ ಮುರಿದು ಬೀಳುತ್ತದೆ. ತಾಯ್‌ಶಾನಿನವನು ಕಳುಹಿಸುತ್ತಿದ್ದ ಹಣ ಅಪ್ಪನ ಮನೆಗೆ ಹೋಗುತ್ತಿತ್ತು; ಹೆಂಡತಿ ಅತ್ತೆ ಮಾವಂದಿರ ಜತೆ ಅಲ್ಲಿಯೇ ಕಾದಿರುತ್ತಿದ್ದಳು. ನಮ್ಮದು ಅಳಿಯಸಂತಾನ, ಕುಟುಂಬ ಸಾಗುವುದು ತಾಯಿಯ ಕಡೆಯಿಂದ. ನನ್ನ ಮಾವನ, ಎಂದರೆ ಅಮ್ಮನ ಅಣ್ಣನ, ಮನಿಯಾರ್ಡರು ಬರುತ್ತಿದ್ದದ್ದು ಅವರ ಹೆಂಡತಿಯ ಮನೆಗಲ್ಲ, ನಮ್ಮ ಕುಟುಂಬದ ಮನೆಗೆ, ನನ್ನ ಅಮ್ಮನ ಕೈಗೆ. ಅತ್ತೆ ತನ್ನ ಕುಟುಂಬದ ಮನೆಯಲ್ಲಿ ತನ್ನ ಅಣ್ಣತಮ್ಮಂದಿರ ಹಣದಲ್ಲಿ ಮಕ್ಕಳನ್ನು ಸಾಕುತ್ತಿದ್ದರು. ನಾನು ಮುಂಬಯಿಗೆ ಹೋದ ಮೇಲೆ ಹಣವನ್ನು ಅಮ್ಮನಿಗೆ ಕಳುಹಿಸಬೇಕೇ ಹೆಂಡತಿಗೆ ಕಳುಹಿಸಬೇಕೇ ಎಂಬ ವಿಷಯದಲ್ಲಿ ಮನೆಯೊಳಗೆ ನಡೆದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಂಚೆಯ ಫಾರಮು ಒಂದೇ ಬಗೆಯದು, ವಿಳಾಸ ಮಾತ್ರ ಬೇರೆ. ಸಂಶೋಧನೆ ಅಲ್ಲಿಂದ ಹುಟ್ಟುವುದಿಲ್ಲವೇ?

ಕೊಣಾಜೆಯ ಓದುಗಿ

ಹಿರಿಯರೇ, ನಿಮ್ಮ ಕೊನೆಯ ಮಾತುಗಳನ್ನು ಮೂರು ಸಲ ಓದಿದೆ. ಹಣ ಯಾವ ಮನೆಗೆ ಹೋಯಿತೆಂಬುದು ನನಗೆ ಹೊಳೆದಿರಲೇ ಇಲ್ಲ. ಹೋಯಿತು ಎಂಬಷ್ಟಕ್ಕೇ ನಿಂತಿದ್ದೆ. ಅಧ್ಯಾಪಕರಲ್ಲಿ ಒಂದು ಕೇಳಿಕೆ: ಕೋಲ್ಕತ್ತವನ್ನು ನೀವು ಬಿಟ್ಟದ್ದು ಏಕೆ? ಭಾರತದೊಳಗಿನ ಚೀನೀಯರೇ ನನಗೆ ಹತ್ತಿರದವರು ಅಲ್ಲವೇ? ಮತ್ತೆ ಆ ಡಯಾಸ್ಪೊರಾ ಶಬ್ದ.

ಉತ್ತರ: ನಿವೃತ್ತ ಭೂಗೋಳ ಅಧ್ಯಾಪಕ, ಉಡುಪಿ

ಬಿಟ್ಟದ್ದಲ್ಲ, ಅದಕ್ಕೆ ಬೇರೆಯೇ ಜಾಗ ಬೇಕೆಂದು ತಡೆದಿದ್ದೆ. ಕೋಲ್ಕತ್ತದ ಪೂರ್ವದ ಜೌಗು ನೆಲದ ಅಂಚಿನಲ್ಲಿ, ಟಾಂಗ್ರಾದಲ್ಲಿ, ಹಕ್ಕಾ ಚೀನೀಯರು ತೊಗಲು ಹದ ಮಾಡುವ ಕಾರ್ಖಾನೆಗಳನ್ನು ಕಟ್ಟಿದರು. ಅಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞೆ ಎಲೆನ್ ಆಕ್ಸ್‌ಫೆಲ್ಡ್ ತೋರಿಸಿದ್ದು, ಸವರ್ಣ ಹಿಂದೂಗಳು ಮೈಲಿಗೆಯೆಂದು ಮುಟ್ಟದ ಕಸುಬೇ ಅವರಿಗೆ ದಾರಿಯಾಯಿತು ಎಂಬುದನ್ನು. ಅಂದರೆ ಬಂದರಿನ ಓದುಗರು ಹೇಳಿದ ಆ ಖಾಲಿ ಜಾಗ ಇಲ್ಲಿ ಜಾತಿಯಿಂದ ಉಂಟಾದದ್ದು. ಮಡಿ ಉಡುಪಿಯವರಿಗೆ ಅಡುಗೆಮನೆಯ ಬಾಗಿಲು ತೆರೆಯಿತು, ಮೈಲಿಗೆ ಹಕ್ಕಾ ಜನರಿಗೆ ತೊಗಲಿನ ಬಾಗಿಲು ತೆರೆಯಿತು. ಈ ಜೋಡಿಯನ್ನು ನೀವು ಬಳಸಿಕೊಳ್ಳಬಹುದು.

ಆದರೆ ಹೋಲಿಕೆ ನಿಲ್ಲುವುದು 1962ರಲ್ಲಿ. ಚೀನದೊಡನೆ ಯುದ್ಧ ನಡೆದಾಗ ಅಸ್ಸಾಂ, ಬಂಗಾಳ ಮೊದಲಾದ ಕಡೆಗಳಿಂದ ಸುಮಾರು 3000 ಚೀನೀ ಮೂಲದವರನ್ನು, ಅವರಲ್ಲಿ ಇಲ್ಲಿಯೇ ಹುಟ್ಟಿ ಬೆಳೆದವರೂ ಇದ್ದರು, ರೈಲಿನಲ್ಲಿ ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಒಯ್ದರು. ಕೆಲವರು ಅಲ್ಲಿ ವರ್ಷಗಟ್ಟಲೆ ಕಳೆದರು. ಮರಳಿದವರಲ್ಲಿ ಅನೇಕರಿಗೆ ಮನೆ, ಅಂಗಡಿ ಉಳಿದಿರಲಿಲ್ಲ. ಮುಂದೆ 1996ರಲ್ಲಿ ಮಾಲಿನ್ಯದ ಕಾರಣಕ್ಕೆ ತೊಗಲಿನ ಕಾರ್ಖಾನೆಗಳು ಊರಾಚೆ ಹೋಗಬೇಕೆಂದು ಸುಪ್ರೀಂ ಕೋರ್ಟಿನ ಆದೇಶವಾಯಿತು. ಆ ಹೊತ್ತಿಗೆ ಎಷ್ಟೋ ಮನೆಗಳ ಮಕ್ಕಳು ಟೊರಾಂಟೊ ಸೇರಿದ್ದರು, ಉಳಿದ ಕಾರ್ಖಾನೆಗಳಲ್ಲಿ ಕೆಲವು ಹೋಟೆಲುಗಳಾದವು. ಮುಂಬಯಿಯಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ ಉಡುಪಿ ಹೋಟೆಲುಗಳ ಗಾಜು ಒಡೆಯಿತು, ಅದು ಸಣ್ಣ ಸಂಗತಿಯಲ್ಲ. ಆದರೂ ಕಲ್ಲು ಬಂದದ್ದು ಬೀದಿಯಿಂದ. ಮರುದಿನ ಬಾಗಿಲು ತೆರೆಯುವವನಿಗೆ ತಾನು ಈ ದೇಶದ ಪ್ರಜೆ ಎಂಬ ಭರವಸೆ ಇತ್ತು. ಟಾಂಗ್ರಾದವನಿಗೆ ಬಂದದ್ದು ಸರಕಾರದ ನೋಟೀಸು. ನಿಮ್ಮ ಮೊದಲ ಪ್ರಶ್ನೆಗೆ, ಒಂದೇ ತಕ್ಕಡಿಯೇ ಎಂಬುದಕ್ಕೆ, ನನ್ನ ಉತ್ತರ ಇದು: ರೂಮು, ಕಸುಬು, ಹಣ ಈ ಮೂರರ ಮಟ್ಟಿಗೆ ಹೌದು, ಪೌರತ್ವದ ಮಟ್ಟಿಗೆ ಖಂಡಿತ ಅಲ್ಲ. ಈ ಅಲ್ಲ ಎಂಬುದನ್ನು ಪ್ರಬಂಧದ ಮೊದಲ ಅಧ್ಯಾಯದಲ್ಲೇ ಹೇಳಿಬಿಡಿ.

ಶಬ್ದದ ಬಗ್ಗೆ: ಸುರಬಾಯದಲ್ಲಿ ಹುಟ್ಟಿ ಇಪೋದಲ್ಲಿ ಬೆಳೆದ ಇತಿಹಾಸಕಾರ ವಾಂಗ್ ಗುಂಗ್‌ವೂ ಅವರಿಗೇ ಡಯಾಸ್ಪೊರಾ ಶಬ್ದದ ಬಗ್ಗೆ ಅಸಮಾಧಾನವಿತ್ತು. ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಕಾರಣಕ್ಕೆ ಹೋದವರನ್ನು ಅದು ಒಂದೇ ಗಂಟಾಗಿ ಕಟ್ಟಿ ಚೀನದ ಕಡೆಗೆ ತಿರುಗಿಸಿಬಿಡುತ್ತದೆ ಎಂದು. ವ್ಯಾಪಾರಿಯಾಗಿ ಹೋದವನು, ಕೂಲಿಯಾಗಿ ಹೋದವನು, ಮರಳುವ ಎಣಿಕೆಯಲ್ಲಿ ತಂಗಿದವನು, ಅಲ್ಲಿಯೇ ಹುಟ್ಟಿದ ಸಂತತಿಯವನು ಎಂದು ಅವರು ನಾಲ್ಕಾಗಿ ಬಿಡಿಸಿದರು. ನೀವೂ ಒಂದೇ ಶಬ್ದದ ಹಟ ಹಿಡಿಯಬೇಡಿ. ಪರವೂರಿನವರು ಎಂಬುದು ನಮ್ಮ ಬಾಯಲ್ಲಿರುವ ಮಾತು, ನೇಮಕ್ಕೆ ಬಂದವರನ್ನೂ ಬಾರದವರನ್ನೂ ನಾವು ಹಾಗೆಯೇ ಕರೆಯುತ್ತೇವೆ. ಅದನ್ನು ವ್ಯಾಖ್ಯಾನಿಸಿಕೊಂಡು ಬಳಸಿದರೆ ಯಾವ ಪರೀಕ್ಷಕರೂ ಆಕ್ಷೇಪಿಸಲಾರರು.

ಕೊಣಾಜೆಯ ಓದುಗಿ

ಎಲ್ಲರಿಗೂ ಕೃತಜ್ಞತೆ. ಕೋಷ್ಟಕವನ್ನು ಕೈಬಿಟ್ಟಿದ್ದೇನೆ. ಭಾನುವಾರ ಕಟಪಾಡಿಯ ಹತ್ತಿರವಿರುವ ಅಜ್ಜನ ಕುಟುಂಬದ ಮನೆಗೆ ಹೋಗಿದ್ದೆ. ನಮ್ಮವರ ಚೀಟಿಗಳೆಲ್ಲ ಒಲೆಗೆ ಹೋಗಿರಲಿಲ್ಲ. ಅಟ್ಟದಲ್ಲಿದ್ದ ಬಿಸ್ಕತ್ ಡಬ್ಬಿಯೊಂದರಲ್ಲಿ ಮನಿಯಾರ್ಡರಿನ ಇಪ್ಪತ್ತಮೂರು ತುಂಡುಗಳು ಸಿಕ್ಕಿದವು, ಅಂಚೆಮುದ್ರೆ ಕೆಲವದರಲ್ಲಿ ಮಾತ್ರ ಓದಲು ಬರುತ್ತದೆ. ಇಪ್ಪತ್ತಮೂರೂ 'ಅಕ್ಕನಿಗೆ ನಮಸ್ಕಾರಗಳು' ಎಂದೇ ತೊಡಗುತ್ತವೆ. ಒಂದರಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ, ಜಾಗ ಸಾಲದೆ ಅಂಚಿಗೆ ಹೊರಳಿದ ಸಾಲು ಹೀಗಿದೆ: "ಇದರಲ್ಲಿ ಐದು ರೂಪಾಯಿ ಅವಳ ಮನೆಗೆ ಕೊಡಬೇಕು, ಮಗುವಿಗೆ ಜ್ವರವಂತೆ." ಅಜ್ಜಿ ಇದ್ದಾರೆ, ತೊಂಬತ್ತೊಂದು ವರ್ಷ. ಆ ಐದು ರೂಪಾಯಿ ಕೈಗೆ ಬಂದಿತ್ತೇ ಎಂದು ಕೇಳಲು ನಾಡಿದ್ದು ಹೋಗುತ್ತೇನೆ.